ತೊಲೆಯ ಅಳತೆ, ತೊಲೆಯ ಜಾತಿ

ಕಕ್ಕಡ ಮಾಸದ ಮಳೆಯಲ್ಲಿ ಕೊಡಗಿನ ಹುದಿಕೇರಿಯ ಕಡೆ ಹೊಸ ಮನೆ ಮೇಲೇಳುವುದು ಕಡಿಮೆ. ಮರಳು ನೆನೆದು ಭಾರವಾಗಿರುತ್ತದೆ, ಮೇಸ್ತ್ರಿಗಳು ತಮ್ಮ ಊರು ಸೇರಿರುತ್ತಾರೆ, ಕರೆಂಟು ಬಂದರೆ ಬಂತು. ಮಳೆ ಬಿಟ್ಟ ಮೇಲೆ ಏಳಬೇಕಾದ ಮನೆಗಳ ಲೆಕ್ಕ ಹಾಕಲು ನನ್ನಂಥ ಎಂಜಿನಿಯರುಗಳಿಗೆ ಇದೇ ಹೊತ್ತು. ಕರೆಂಟು ಇದ್ದಷ್ಟು ಕಾಲ ಸ್ಟಾಡ್ ಪ್ರೋ ಎಂಬ ಸಾಫ್ಟ್‌ವೇರ್, ಹೋದರೆ ಹಾಳೆ, ಪೆನ್ಸಿಲ್.

ಕಂಪ್ಯೂಟರಿನಲ್ಲಿ ಮನೆ ಶುರುವಾಗುವುದು ಬರೀ ಗೆರೆಗಳಿಂದ. ಕಂಬ ಒಂದು ಗೆರೆ, ಬೀಮು ಇನ್ನೊಂದು ಗೆರೆ. ಗೆರೆಗೆ ದಪ್ಪವೂ ಇಲ್ಲ, ತೂಕವೂ ಇಲ್ಲ. ಆಮೇಲೆ ಸಾಫ್ಟ್‌ವೇರ್ ಎರಡು ಪ್ರಶ್ನೆ ಕೇಳುತ್ತದೆ: ಇದರ ಸೆಕ್ಷನ್, ಅಂದರೆ ಅಗಲ ಎತ್ತರ, ಏನು, ಮೆಟೀರಿಯಲ್ ಯಾವುದು? ನಾವು ಕೊಟ್ಟ ಉತ್ತರವನ್ನು ಅದು ಪೂರ್ತಿ ನಂಬುತ್ತದೆ. ಸೈಟಿಗೆ ಬಂದು ನೋಡುವುದಿಲ್ಲ. ಹಾಗಾಗಿ ಇಡೀ ಲೆಕ್ಕದಲ್ಲಿ ನಾನು ಅತಿ ನಿಧಾನವಾಗಿ ಮಾಡುವ ಕೆಲಸ ಈ ಉತ್ತರ ಕೊಡುವುದೇ.

ಇದೇ ಎರಡು ಪ್ರಶ್ನೆಯನ್ನು ಕೊಡವ ಕುಟುಂಬಗಳ ಮೂಲಮನೆಯಾದ ಐನ್‌ಮನೆ ಕಟ್ಟಿದ ಆಚಾರಿಗಳೂ ಕೇಳಿಕೊಂಡಿದ್ದರು. ನಮ್ಮ ಸುತ್ತಿನ ಹಳೆಯ ಐನ್‌ಮನೆಯೊಂದರ ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಐಮರದ ಹಲಗೆಯ ಮೇಲೆ ಕುಳಿತು ತಲೆ ಎತ್ತಿ ನೋಡಿ. ಭಾರ ಹೊರುವ ಕಡೆ ಮರದ ಜಾತಿ ಒಂದು, ಬರೀ ಮುಚ್ಚುವ ಕಡೆ ಇನ್ನೊಂದು. ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಊರೂರು ತಿರುಗಿ ಐನ್‌ಮನೆಗಳನ್ನು ದಾಖಲಿಸಿದ್ದಾರೆ. ಹಳ್ಳಿಗಟ್ಟಿನ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಅದೇ ದಾರಿ ಹಿಡಿದು ಒಂದೊಂದು ತೊಲೆಯ ಅಗಲ, ಎತ್ತರ, ಮರದ ಜಾತಿ ಬರೆದಿಟ್ಟರೆ ಎಷ್ಟು ಚೆನ್ನ! ಹಂಚು ಜಾರಿ ನೀರು ಇಳಿದು ತೊಲೆ ಕುಂಬಾದ ಮೇಲೆ ಅಳೆಯುವುದಕ್ಕೆ ಏನು ಉಳಿಯುತ್ತದೆ?

ಹಲಗೆಯನ್ನು ಮಲಗಿಸಿದರೆ ಬಾಗುತ್ತದೆ, ನಿಲ್ಲಿಸಿದರೆ ಹೊರುತ್ತದೆ ಎಂಬುದು ಆಚಾರಿಯ ಕೈಗೆ ಗೊತ್ತು. ಅದೇ ಮಾತನ್ನು ಲೆಕ್ಕ ಹೀಗೆ ಹೇಳುತ್ತದೆ: ಅಗಲವನ್ನು ಎತ್ತರದ ಘನದಿಂದ ಗುಣಿಸಿ 12ರಿಂದ ಭಾಗಿಸು. ನಮ್ಮ ಮೇಸ್ತ್ರಿಗಳ ಬಾಯಲ್ಲಿ ‘ಒಂಬತ್ತು ಹದಿನೆಂಟು’ ಅನ್ನಿಸಿಕೊಳ್ಳುವ ಬೀಮು ಇದೆಯಲ್ಲ, 230 ಮಿ.ಮೀ. ಅಗಲ, 450 ಮಿ.ಮೀ. ಎತ್ತರದ್ದು, ಅದನ್ನು ಅಡ್ಡ ಮಲಗಿಸಿದರೆ ಬಾಗದೆ ನಿಲ್ಲುವ ಬಿಗಿತ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಕಾಂಕ್ರೀಟು ಅಷ್ಟೇ, ಖರ್ಚು ಅಷ್ಟೇ. ಸ್ಟಾಡ್‌ನಲ್ಲಿ ಎತ್ತರಕ್ಕೆ ವೈಡಿ, ಅಗಲಕ್ಕೆ ಝಡ್‌ಡಿ ಎಂದು ಎರಡು ಪುಟ್ಟ ಚೌಕಗಳಿವೆ. ಒಂದರ ಅಂಕಿ ಇನ್ನೊಂದರಲ್ಲಿ ಬಿದ್ದರೂ ಅದು ತಕರಾರು ಮಾಡುವುದಿಲ್ಲ. ಅದಕ್ಕೇ ಗೆರೆಗಳಿಗೆ ಮೈ ತುಂಬಿಸಿ ತೋರಿಸುವ ಮೂರು ಆಯಾಮದ ನೋಟವನ್ನು ತೆರೆದು, ಒಂದೊಂದು ಬೀಮೂ ನಿಂತಿದೆಯೋ ಮಲಗಿದೆಯೋ ಎಂದು ಕಣ್ಣಾರೆ ನೋಡಬೇಕು. ಕಂಬಗಳಿಗೆ ಇದು ಇನ್ನೂ ಮುಖ್ಯ. ಉದ್ದ ಮುಖ ಯಾವ ದಿಕ್ಕಿಗೆ ಎಂಬುದನ್ನು ನಾವೇ ತಿರುಗಿಸಿ ಹೇಳಬೇಕು.

ಇನ್ನು ಮೆಟೀರಿಯಲ್. ಪಟ್ಟಿಯಲ್ಲಿ ‘ಕಾಂಕ್ರೀಟ್’ ಎಂದು ಸಿದ್ಧವಾಗಿ ಇರುತ್ತದೆ. ಒತ್ತಿದರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಆದರೆ ಸ್ಟಾಡ್ ತಾನಾಗಿ ಹಿಡಿಯುವ ಕಾಂಕ್ರೀಟಿನ ತೂಕ ಘನ ಮೀಟರಿಗೆ ಸುಮಾರು 23.56 ಕಿಲೋನ್ಯೂಟನ್. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ನಮ್ಮ ಐಎಸ್ 456:2000 ಸಂಹಿತೆ ಹೇಳುವುದು 25. ನೂರಕ್ಕೆ ಆರರಷ್ಟು ಭಾರ ಲೆಕ್ಕದಿಂದಲೇ ಮಾಯ! ಆ ಅಂಕಿಯನ್ನು ಕೈಯಾರೆ ತಿದ್ದಬೇಕು.

ಅದಕ್ಕಿಂತ ದೊಡ್ಡದು ಮಳೆಯ ಪ್ರಶ್ನೆ. ಜೋರು ಮಳೆಗೆ ಮೈಯೊಡ್ಡುವ, ನೆನೆದು ಒಣಗಿ ಮತ್ತೆ ನೆನೆಯುವ ಕಾಂಕ್ರೀಟನ್ನು ಅದೇ ಸಂಹಿತೆ ‘ತೀವ್ರ’ ಎಂಬ ವರ್ಗಕ್ಕೆ ಸೇರಿಸುತ್ತದೆ. ಅಲ್ಲಿಗೆ ಎಂ 30 ದರ್ಜೆಯ ಕಾಂಕ್ರೀಟಿಗಿಂತ ಕಡಿಮೆ ಕೂಡದು, ಕಬ್ಬಿಣದ ಮೇಲೆ 45 ಮಿ.ಮೀ. ಕವರ್ ಬೇಕು. ಒಳಗಿನ, ಬೆಚ್ಚಗಿನ ಬೀಮಿಗೆ ಎಂ 20, 20 ಮಿ.ಮೀ. ಕವರ್ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಡೆಯುವ ನಮ್ಮ ಮಳೆಯನ್ನು ತೀವ್ರ ಅನ್ನದೆ ಬೇರೇನು ಅನ್ನುವುದು? ಸಿಟ್‌ಔಟಿನ ಹೊರಬೀಮು, ಮಾಳಿಗೆಯ ಅಂಚು, ನೀರಿನ ಟ್ಯಾಂಕ್ ಹೊರುವ ಕಂಬ, ಇವೆಲ್ಲ ಅದರ ಬಾಯಿಗೇ ನಿಂತಿವೆ. ಇಡೀ ಮನೆಗೆ ಒಂದೇ ಮೆಟೀರಿಯಲ್ ಹಂಚಿಬಿಡುವುದು ಮೈಸೂರಿನಲ್ಲಿ ನಡೆಯಬಹುದು, ಇಲ್ಲಿ ನಡೆಯಬಾರದು.

ಮರದ ಕಥೆ ಬೇರೆ. ಸಾಫ್ಟ್‌ವೇರಿನ ಪಟ್ಟಿಯಲ್ಲಿ ಅಮೆರಿಕ, ಕೆನಡಾದ ಮರಗಳಿವೆ. ನಮ್ಮ ಹೊನ್ನೆ, ನಂದಿ, ಹಲಸಿಗೆ ಐಎಸ್ 883 ತೆರೆದು, ಹೊಸ ಮೆಟೀರಿಯಲ್ ಎಂದು ನಾವೇ ಬರೆದುಕೊಳ್ಳಬೇಕು. ಆ ಸಂಹಿತೆ ಒಂದೇ ಮರಕ್ಕೆ ಒಳಗೆ, ಹೊರಗೆ, ಒದ್ದೆ ಜಾಗ ಎಂದು ಮೂರು ಬಲ ಕೊಡುತ್ತದೆ. ಆಚಾರಿಗಳ ಜೊತೆ ಕೂತು ಬರೆದಂತಿದೆ ಅನ್ನಿಸಿ ನನಗೆ ಅದರ ಮೇಲೆ ಪ್ರೀತಿ. ಪೊನ್ನಂಪೇಟೆಯಲ್ಲೇ ಅರಣ್ಯ ಕಾಲೇಜು ಇರುವಾಗ ಕೊಡಗಿನ ಮರಗಳ ಬಲದ ಕೋಷ್ಟಕವೊಂದು ಕನ್ನಡದಲ್ಲಿ ಬರಲಿ ಎಂಬ ಆಸೆಯೂ ಇದೆ.

ಈಗಂತೂ ಕಾಫಿ ಕಣದ ಮೇಲೂ ಮಾಳಿಗೆಯ ಮೇಲೂ ಕಬ್ಬಿಣದ ಪೈಪು, ಅದರ ಮೇಲೆ ಶೀಟು. ಇಲ್ಲಿ ಮೋಸ ಹೋಗುವುದು ಕಣ್ಣು. 50 ಮಿ.ಮೀ. ಚೌಕದ ಪೈಪು ಹೊರಗಿನಿಂದ ಎಲ್ಲವೂ ಒಂದೇ. ಲೆಕ್ಕದಲ್ಲಿ 2.9 ಮಿ.ಮೀ. ದಪ್ಪ ಬರೆದಿದ್ದರೆ ಆರು ಮೀಟರಿನ ಒಂದು ಪೈಪು ಹೆಚ್ಚುಕಡಿಮೆ 25 ಕಿಲೋ ತೂಗಬೇಕು. 1.6 ಮಿ.ಮೀ. ದಪ್ಪದ್ದು 15 ಕಿಲೋ ಮುಟ್ಟುವುದೂ ಕಷ್ಟ. ಬೆಸುಗೆ ಹಾಕಿ ಬಣ್ಣ ಬಳಿದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ, ಗಾಳಿಗೆ ಮಾತ್ರ ಗೊತ್ತಾಗುತ್ತದೆ. ಲಾರಿಯಿಂದ ಇಳಿದ ಕೂಡಲೇ ಒಂದು ಪೈಪನ್ನು ಕಾಫಿ ತೂಗುವ ತಕ್ಕಡಿಗೆ ಹಾಕಿಸಿ. ತಕ್ಕಡಿ ಇಲ್ಲದ ತೋಟ ನಮ್ಮಲ್ಲಿ ಎಲ್ಲಿದೆ?

ಮನೆ ಕಟ್ಟಿಸುವವರಲ್ಲಿ ನನ್ನದೊಂದು ವಿನಂತಿ. ಎಂಜಿನಿಯರ್ ನಕ್ಷೆ ಕೊಟ್ಟಾಗ ಸೆಕ್ಷನ್ ಮತ್ತು ಮೆಟೀರಿಯಲ್ ಪಟ್ಟಿಯ ಹಾಳೆಯನ್ನೂ ಕೇಳಿ ಪಡೆಯಿರಿ, ಅರ್ಥವಾಗದಿದ್ದರೆ ಕೂರಿಸಿಕೊಂಡು ವಿವರಿಸಲು ಹೇಳಿ. ಅದರ ಒಂದು ಪ್ರತಿ ಮೇಸ್ತ್ರಿಯ ಕೈಯಲ್ಲಿರಲಿ. ಕಾಂಕ್ರೀಟು ಸುರಿಯುವ ದಿನ ಹಾಳೆ ಹಿಡಿದು, ಟೇಪು ಹಿಡಿದು ನೀವೂ ಅಲ್ಲೇ ನಿಲ್ಲಿ.