ಸಿನಿಮಾ ವರದಿಗಾರರ ಬಸ್ ಚಾರ್ಜ್ ಯಾರು ಕೊಡ್ತಾರೆ?

ಸಂಜೆ ಏಳರಿಂದ ಹತ್ತರವರೆಗೆ ನಮ್ಮ ಮನೆಯಲ್ಲಿ ರಿಮೋಟ್ ಅವ್ವನದು, ಅಭಿಪ್ರಾಯ ನಮ್ಮದು. ಮೊನ್ನೆ ಒಂದು ಧಾರಾವಾಹಿಯಲ್ಲಿ ಶ್ರೀಮಂತರ ಮನೆಯ ಮದುವೆ ನಿಂತುಹೋಯಿತು. ಮರುಕ್ಷಣವೇ ಗೇಟಿನ ಮುಂದೆ ಹತ್ತು ಮೈಕು. ಅವ್ವ ನಮ್ಮ ಕಡೆ ತಿರುಗಿ, "ನೀವು ಪೇಪರಿನವ್ರು ಹಿಂಗ ಓಡಿ ಹೋಗ್ತೀರೇನು?" ಅಂದಳು.

"ಇಲ್ಲವ್ವ, ನಮಗ ಮದುವಿ ನಿಂತದ್ದು ಗೊತ್ತಾಗೋದು ಮರುದಿನ ಚಹಾದಂಗಡ್ಯಾಗ" ಅಂದೆವು.

ನಾವು ಅಂದರೆ ಹಾವೇರಿ ಜಿಲ್ಲೆಯ ತಾಲ್ಲೂಕುಗಳಲ್ಲಿ ಸುದ್ದಿ ಬರೆಯುವ ಅರೆಕಾಲಿಕ ವರದಿಗಾರರು, ಸ್ಟ್ರಿಂಗರ್‌ಗಳು. ಡಿಪ್ಲೊಮಾ ಮುಗಿಸಿ ಹತ್ತು ವರ್ಷದ ಮೇಲಾಯಿತು. ಅಚ್ಚಾದ ಸುದ್ದಿಗೆ ಇಷ್ಟು ಅಂತ ದುಡ್ಡು. ಬೈಕ್ ನಮ್ಮದು, ಪೆಟ್ರೋಲ್ ನಮ್ಮದು, ಮೊಬೈಲ್ ಕರೆನ್ಸಿ ನಮ್ಮದು. ಹಾಗಾಗಿ ಸಿನಿಮಾದಲ್ಲಿ ಪತ್ರಕರ್ತರು ಬಂದ ಕೂಡಲೇ ನಾವು ಕಥೆ ಬಿಟ್ಟು ಲೆಕ್ಕ ಹಾಕಲು ಶುರು ಮಾಡುತ್ತೇವೆ.

'ರಂಗಿತರಂಗ' (2015) ನೋಡಿದ್ದೀರಲ್ಲ? ಅದರಲ್ಲಿ ಸಂಧ್ಯಾ ಎಂಬ ಪತ್ರಕರ್ತೆ ಅನಶ್ಕು ಎಂಬ ಕಾದಂಬರಿಕಾರನನ್ನು ಹುಡುಕಿಕೊಂಡು ಹೊರಡುತ್ತಾಳೆ. ಊರಿಗೆಲ್ಲ ಭೂತದ ಚಿಂತೆ, ನಮಗೆ ಸಂಧ್ಯಾಳ ಬಸ್ ಚಾರ್ಜಿನ ಚಿಂತೆ. ಒಬ್ಬ ಲೇಖಕನ ಹಿಂದೆ ಅಷ್ಟು ದಿನ ಅಲೆಯಲು ಯಾವ ಆಫೀಸು ರಜೆ ಕೊಟ್ಟಿತು? ನಮಗೂ ಅಲ್ಲೊಂದು ಕೆಲಸ ಸಿಗಬಹುದೇ?

ಪವನ್ ಕುಮಾರ್ ಅವರ 'ಯು ಟರ್ನ್' (2016) ಸ್ವಲ್ಪ ನಮ್ಮ ಹತ್ತಿರದ್ದು. ಶ್ರದ್ಧಾ ಶ್ರೀನಾಥ್ ಅದರಲ್ಲಿ ಪತ್ರಿಕೆಯೊಂದರ ಇಂಟರ್ನ್. ಫ್ಲೈಓವರ್ ಮೇಲೆ ಕಲ್ಲು ಸರಿಸಿ ಅಡ್ಡ ತಿರುಗುವ ಬೈಕ್‌ಗಳ ನಂಬರನ್ನು ಅಲ್ಲೇ ಇರುವ ಒಬ್ಬ ಬಡವ ಬರೆದುಕೊಡುತ್ತಾನೆ. ಇದು ಮಾತ್ರ ಸತ್ಯ. ಸುದ್ದಿ ಯಾವಾಗಲೂ ಸಿಗುವುದು ಯಾರೂ ಗಮನಿಸದ ಇಂಥ ಒಬ್ಬನಿಂದಲೇ. ನಮ್ಮಲ್ಲಿ ಆತ ಬಸ್ ಸ್ಟ್ಯಾಂಡಿನ ಪಂಕ್ಚರ್ ಅಂಗಡಿಯವನು.

ಇನ್ನು 'ಕೆಜಿಎಫ್'. ಮೊದಲ ಭಾಗದಲ್ಲಿ (2018) ಅನಂತ್ ನಾಗ್ ಪತ್ರಕರ್ತ ಆನಂದ್ ಇಂಗಳಗಿ. ಟಿವಿ ಚಾನೆಲ್ಲಿನ ಸಂಪಾದಕಿಯ ಎದುರು ಕೂತು ಕಥೆ ಹೇಳುತ್ತಾರೆ. ಎರಡನೇ ಭಾಗದಲ್ಲಿ (2022) ಮಗನ ಪಾತ್ರದ ಪ್ರಕಾಶ್ ರಾಜ್ ಅದನ್ನೇ ಮುಂದುವರಿಸುತ್ತಾರೆ. ಎರಡೂ ಸೇರಿ ಐದು ತಾಸಿಗೂ ಹೆಚ್ಚು. ರಾಕಿಯ ಸುತ್ತಿಗೆ, ಬಂದೂಕು ಎಲ್ಲವನ್ನೂ ನಾವು ನಂಬಿದೆವು. ವರದಿಗಾರ ಐದು ತಾಸು ಮಾತಾಡಿದರೂ ಡೆಸ್ಕಿನವರು "ನೂರೈವತ್ತು ಪದಕ್ಕೆ ಇಳಿಸ್ರಿ" ಅನ್ನದೆ ಬಿಟ್ಟರಲ್ಲ, ಅದನ್ನು ಮಾತ್ರ ನಂಬಲಾಗಲಿಲ್ಲ.

'ತಿಥಿ' ಸಿನಿಮಾವನ್ನು ಮಂಡ್ಯ ಜಿಲ್ಲೆಯ ಹಳ್ಳಿಯ ಜನರನ್ನೇ ಹಾಕಿಕೊಂಡು ತೆಗೆದರು. ಅದರಲ್ಲಿ ಸೆಂಚುರಿ ಗೌಡ 101ನೇ ವಯಸ್ಸಿನಲ್ಲಿ ತೀರಿಕೊಳ್ಳುತ್ತಾನೆ. ನಮಗೆ ಬಹಳ ಇಷ್ಟದ ಚಿತ್ರ, ಒಂದೇ ತಕರಾರು. ಶತಾಯುಷಿ ಹೋದರೆ ಅರ್ಧ ತಾಸಿನಲ್ಲಿ ನಮ್ಮವನೊಬ್ಬ "ಅಜ್ಜಂದು ಒಂದು ಚಲೋ ಫೋಟೊ ಐತೇನ್ರಿ?" ಅಂತ ಬಾಗಿಲಲ್ಲಿ ನಿಂತಿರುತ್ತಿದ್ದ.

ಇಷ್ಟೆಲ್ಲ ನಕ್ಕ ಮೇಲೆ ಒಂದು ಸಿನಿಮಾದ ಹೆಸರು ಹೇಳಲೇಬೇಕು. ಅದು ಹಿಂದಿಯ 'ಪೀಪ್ಲಿ ಲೈವ್' (2010), ಅನುಷಾ ರಿಜ್ವಿ ಅವರ ನಿರ್ದೇಶನ. ಸಾಲದಿಂದ ಹೊಲ ಹೋಗುವ ಸ್ಥಿತಿಯಲ್ಲಿರುವ ನತ್ಥಾ ಎಂಬ ರೈತ, ಸತ್ತರೆ ಪರಿಹಾರ ಬರುತ್ತದೆಂದು ಸಾಯುವ ಮಾತಾಡುತ್ತಾನೆ. ಆ ಸುದ್ದಿಯನ್ನು ಮೊದಲು ಬರೆಯುವವನು ರಾಕೇಶ್, ನಮ್ಮಂಥ ಸ್ಥಳೀಯ ವರದಿಗಾರ. ಪಾತ್ರ ಮಾಡಿದ್ದು ನವಾಜುದ್ದೀನ್ ಸಿದ್ದಿಕಿ, ಆಗಿನ್ನೂ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಆಮೇಲೆ ದೊಡ್ಡ ಚಾನೆಲ್ಲುಗಳ ವ್ಯಾನುಗಳು ಬಂದು ಹಳ್ಳಿ ಜಾತ್ರೆಯಾಗುತ್ತದೆ. ಅದೇ ಊರಲ್ಲಿ ಮಣ್ಣು ಅಗೆಯುತ್ತಿದ್ದ ಇನ್ನೊಬ್ಬ ಬಡವ ಸದ್ದಿಲ್ಲದೆ ಸಾಯುತ್ತಾನೆ. ಅವನ ಬಗ್ಗೆ ಕೇಳುವವನೂ ರಾಕೇಶನೇ. ವ್ಯಾನಿನವರಿಗೆ ಅದು ಸುದ್ದಿಯಲ್ಲ.

ಅದನ್ನು ನೋಡುವಾಗ ನಮಗೆ ನಾಲ್ಕು ವರ್ಷದ ಹಿಂದಿನ ಒಂದು ಮನೆ ನೆನಪಾಯಿತು. ಸಾಲಗಾರ ರೈತನೊಬ್ಬ ತೀರಿಕೊಂಡಿದ್ದ. ಹೆಂಡತಿ ಒಳಗೆ ಮೂಲೆಯಲ್ಲಿ ಕೂತಿದ್ದರು. "ಅಕ್ಕಾರ, ಅವರ ಫೋಟೊ ಹಿಡ್ಕೊಂಡು ಸ್ವಲ್ಪ ಬಾಗಿಲ ಕಡೆ ಬರ್ರಿ, ಬೆಳಕು ಸಾಲವಲ್ದು" ಅಂದೆವು. ಅವರು ಬಂದರು. ಸೆರಗು ಸರಿಮಾಡಿಕೊಂಡು ನಿಂತು, "ಅಳಬೇಕೇನ್ರಿ?" ಅಂತ ಕೇಳಿದರು.

ಅವರೂ ಟಿವಿ ನೋಡಿದವರೇ. ಫೋಟೊ ಹೇಗಿರಬೇಕೆಂದು ನಮಗೆ ಕಲಿಸಿದ ಟಿವಿಯೇ ಅವರಿಗೂ ಕಲಿಸಿತ್ತು. ನಾವು ಏನೂ ಹೇಳದೆ ಕ್ಲಿಕ್ ಮಾಡಿದೆವು. ಅಚ್ಚಾಯಿತು, ದುಡ್ಡೂ ಬಂತು. ಈಗ ಅಂಥ ಮನೆಗೆ ಹೋದರೆ ಮೊದಲು ಕೂತು ನೀರು ಕುಡಿಯುತ್ತೇವೆ. ಅವರು ಬೇಡ ಅಂದರೆ ಫೋನ್ ಕಿಸೆಯಿಂದ ಹೊರಗೆ ಬರುವುದಿಲ್ಲ. ಎಷ್ಟೋ ಸಲ ಆ ಸುದ್ದಿ ಫೋಟೊ ಇಲ್ಲದ್ದಕ್ಕೇ ಬಿದ್ದುಹೋಗಿದೆ.

'ಪೀಪ್ಲಿ ಲೈವ್' ಕೊನೆಯಲ್ಲಿ ಒಂದು ಬೆಂಕಿ ಅನಾಹುತ. ಸುಟ್ಟ ಶವ ನತ್ಥಾನದೆಂದು ಎಲ್ಲರೂ ತಿಳಿಯುತ್ತಾರೆ. ಸತ್ತಿರುವುದು ರಾಕೇಶ್. ವ್ಯಾನುಗಳು ಹೊರಟುಹೋಗುತ್ತವೆ. ಎಲ್ಲರ ಸಾವಿನ ಸುದ್ದಿ ಬರೆಯುವವನ ಸಾವು ಒಂದು ಸಾಲೂ ಆಗುವುದಿಲ್ಲ.

ನಾವಿದನ್ನು ಫೋನಿನಲ್ಲಿ ನೋಡುವಾಗ ಅವ್ವ ಪಕ್ಕದಲ್ಲಿದ್ದಳು. ಅವಳಿಗೆ ಹಿಂದಿ ಬರುವುದಿಲ್ಲ, ಕಥೆ ನಾವು ಹೇಳುತ್ತಿದ್ದೆವು. ಮುಗಿದ ಮೇಲೆ ನತ್ಥಾನ ಬಗ್ಗೆ ಏನೂ ಕೇಳಲಿಲ್ಲ. "ಆ ಪೇಪರ್ ಹುಡುಗನ ಮನಿಗೆ ಯಾರು ಹೋಗಿ ಹೇಳಿದ್ರು?" ಅಂದಳು.

ಸಿನಿಮಾ ಅದನ್ನು ತೋರಿಸುವುದಿಲ್ಲ. ಅವತ್ತಿನಿಂದ ನಮ್ಮ ತಾಲ್ಲೂಕಿನ ವರದಿಗಾರರ ವಾಟ್ಸಾಪ್ ಗುಂಪಿನಲ್ಲಿ ಒಂದು ನಿಯಮ ಇದೆ. ರಾತ್ರಿ ಅಪಘಾತವೋ, ಹೊಳೆಯ ನೆರೆಯೋ, ಯಾವುದೇ ಸುದ್ದಿಗೆ ಹೊರಟರೂ ಊರಿನ ಹೆಸರು ಹಾಕಬೇಕು. ಮನೆಗೆ ಬಂದ ಮೇಲೆ "ಮುಟ್ಟಿದೆ" ಅಂತ ಬರೆಯಬೇಕು. ಅಲ್ಲಿಯವರೆಗೆ ಯಾರಾದರೊಬ್ಬರು ಎಚ್ಚರ ಇರುತ್ತೇವೆ. ಹೊತ್ತು ಹೋಗಲು ಧಾರಾವಾಹಿಯ ಮರುಪ್ರಸಾರ ಇದ್ದೇ ಇದೆ.