ಆರು ಊರುಗಳ ಒಂದು ಮೇಜು



ಒಂದು ಕಾಲದಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಯುವಕೂಟಕ್ಕೆ ಹದಿನೈದು ಇಪ್ಪತ್ತು ಮಂದಿ ಸೇರುತ್ತಿದ್ದೆವು. ಪ್ಲಸ್ ಟು ಮುಗಿದದ್ದೇ ಒಬ್ಬೊಬ್ಬರಾಗಿ ಹೊರಟರು. ಈಗ ನಮ್ಮ ಗೆಳೆಯರ ಬಳಗದಲ್ಲಿ ಒಬ್ಬರು ಮಂಜೇಶ್ವರದಲ್ಲಿ, ಒಬ್ಬ ಪೈವಳಿಕೆಯಲ್ಲಿ, ಉಳಿದವರು ಬೆಂಗಳೂರು, ಪುಣೆ, ದುಬೈ, ಕುವೈಟ್‌ಗಳಲ್ಲಿ. ಆದರೂ ಶನಿವಾರ ರಾತ್ರಿ ಒಂಬತ್ತಕ್ಕೆ ನಾವು ಸೇರುತ್ತೇವೆ, ಆಡುತ್ತೇವೆ. ನಮ್ಮ ಕೂಗಾಟ ಕೇಳಿ “ಇವರು ಎಂತ ಆಡುವುದು?” ಎಂದು ಕೆಲವು ಮನೆಗಳಲ್ಲಿ ಪ್ರಶ್ನೆ ಎದ್ದಿದೆ. ಅದಕ್ಕೇ ಈ ಬರಹ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕದ ಇಬ್ಬರು ರೂಪಿಸಿದ ಇದು 1974ರಲ್ಲಿ ಮೊದಲು ಪ್ರಕಟವಾಯಿತು. ಇದು ವಿಡಿಯೋ ಗೇಮ್ ಅಲ್ಲ. ಮೇಜಿನ ಸುತ್ತ ಕೂತು ಮಾತಿನಲ್ಲೇ ಆಡುವ ಆಟ. ನಮ್ಮ ಕಡೆಯವರಿಗೆ ಅರ್ಥ ಮಾಡಿಸುವುದು ಸುಲಭ. ತಾಳಮದ್ದಳೆ ನೋಡಿದ್ದೀರಲ್ಲ? ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಕೂತಲ್ಲೇ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಭಾಗವತರು ಪ್ರಸಂಗ ನಡೆಸುತ್ತಾರೆ. ಇಲ್ಲಿಯೂ ಹಾಗೆಯೇ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಯೋಧ, ಕಳ್ಳ, ವೈದ್ಯೆ ಹೀಗೆ ಪಾತ್ರ ವಹಿಸುತ್ತಾರೆ. ವ್ಯತ್ಯಾಸ ಒಂದೇ: ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ. ಬಾಗಿಲು ಒಡೆಯಿತೇ, ಗಾಯ ವಾಸಿಯಾಯಿತೇ ಎಂಬುದನ್ನು 20 ಮುಖದ ದಾಳ ಹೇಳುತ್ತದೆ. ಪುಸ್ತಕದಲ್ಲಿ ಕಥೆ ನಡೆಸುವವರಿಗೆ ಡಂಜನ್ ಮಾಸ್ಟರ್ ಎಂಬ ಹೆಸರಿದೆ. ನಾವು ಭಾಗವತರು ಎಂದೇ ಕರೆಯುತ್ತೇವೆ.

ದೂರದೂರದಲ್ಲಿ ಇರುವವರು ಒಟ್ಟಿಗೆ ಆಡಲು ಈಗ ಬೇಕಾದಷ್ಟು ಸೌಕರ್ಯವಿದೆ. ರೋಲ್20 2012ರಿಂದಲೇ ಇದೆ. ನಕ್ಷೆ, ದಾಳ, ಪಾತ್ರದ ವಿವರ ಎಲ್ಲ ಒಂದೇ ಪುಟದಲ್ಲಿ ಸಿಗುತ್ತದೆ. ಫೌಂಡ್ರಿ ಎಂಬುದನ್ನು ಆಟ ನಡೆಸುವವರೊಬ್ಬರು ಒಮ್ಮೆ ದುಡ್ಡು ಕೊಟ್ಟು ಕೊಂಡರೆ ಸಾಕು. ಡಿಸ್ಕಾರ್ಡಿನಲ್ಲಿ ಮಾತಾಡುತ್ತಾ ಆಡುವವರೂ ಬಹಳ. ನಾವು ಇವುಗಳಲ್ಲಿ ಯಾವುದು ಚಂದ ಎಂದು ನೋಡುವ ಮೊದಲು ಬೇರೆ ಪ್ರಶ್ನೆ ಕೇಳಿಕೊಂಡೆವು: ನಮ್ಮೊಳಗೆ ಯಾರಿಗೆ ಸೇರುವುದು ಅತಿ ಕಷ್ಟ? ಹಬ್ಬದ ಪಂಕ್ತಿಯಲ್ಲಿ ಕೊನೆಯ ಎಲೆಗೆ ಅನ್ನ ಬೀಳುವ ತನಕ ಮೊದಲ ಎಲೆಯವರು ಕಾಯುತ್ತಾರಲ್ಲ, ಹಾಗೆ.

ಪೈವಳಿಕೆಯ ತಮ್ಮ ಹತ್ತನೇ ತರಗತಿ. ಅವನ ಕೈಯಲ್ಲಿರುವುದು ಅಪ್ಪನ ಹಳೇ ಫೋನು, ಮಳೆ ಬಂದರೆ ನೆಟ್ ಹೋಗುತ್ತದೆ. ದುಬೈಯ ಅಣ್ಣನಿಗೆ ಬೇರೆ ತೊಂದರೆ. ಯುಎಇಯಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ ಎಂಬುದು ಗಲ್ಫಿನಲ್ಲಿ ಮಕ್ಕಳಿರುವ ಮನೆಗಳಿಗೆ ಹೊಸತಲ್ಲ. ಜೊತೆಗೆ ಅವನ ಕೋಣೆಯಲ್ಲಿ ಇನ್ನೂ ಮೂವರಿದ್ದಾರೆ. ಕೆಲಸದಿಂದ ಬಂದು ಮಲಗಿದವರ ನಡುವೆ ಡ್ರ್ಯಾಗನ್ ಜೊತೆ ಜಗಳ ಮಾಡಲಿಕ್ಕಾಗುವುದಿಲ್ಲ. ಹಾಗಾಗಿ ಅಲ್ಲಿಯೂ ನಡೆಯುವ ಗೂಗಲ್ ಮೀಟ್ ಆರಿಸಿಕೊಂಡೆವು, ವಿಡಿಯೋ ಆಫ್. ಉಚಿತ ಗುಂಪು ಕರೆ 60 ನಿಮಿಷಕ್ಕೆ ಕಡಿಯುತ್ತದೆ. ಕಡಿದಾಗ ಚಹಾ ಮಾಡಿಕೊಂಡು ಮತ್ತೆ ಸೇರುತ್ತೇವೆ. ನಕ್ಷೆಯನ್ನು ಭಾಗವತರು ನೋಟ್‌ಬುಕ್ಕಿನಲ್ಲಿ ಪೆನ್ನಿನಲ್ಲೇ ಬಿಡಿಸಿ ಫೋಟೋ ಕಳಿಸುತ್ತಾರೆ. ದಾಳವನ್ನು ಅವರವರ ಫೋನಿನಲ್ಲಿ ಅವರವರೇ ಉರುಳಿಸಿ ಸಂಖ್ಯೆ ಹೇಳುವುದು. ಯಾರೂ ಪರೀಕ್ಷಿಸುವುದಿಲ್ಲ. 20ರಲ್ಲಿ 1 ಬಿದ್ದರೆ ಅದಕ್ಕಿಂತ ಕೆಟ್ಟದಿಲ್ಲ, “ಅಯ್ಯೋ, ಒಂದು!” ಎಂದು ತಮ್ಮ ತಾನೇ ಕೂಗಿ ಹೇಳುತ್ತಾನೆ.

ದಿನ ಗೊತ್ತುಮಾಡಲೂ ಲೆಕ್ಕ ಹಾಕಬೇಕಾಯಿತು. ಕುವೈಟಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಯುಎಇಯಲ್ಲಿ 2022ರಿಂದ ಶನಿವಾರ, ಭಾನುವಾರ. ಎರಡಕ್ಕೂ ಹೊಂದುವುದು ಶನಿವಾರವೇ. ನಮಗೆ ರಾತ್ರಿ 9 ಆದಾಗ ದುಬೈಯಲ್ಲಿ 7.30, ಕುವೈಟಿನಲ್ಲಿ 6.30.

ದುಬೈಯ ಅಣ್ಣ ಕಿವಿಗೆ ಇಯರ್‌ಫೋನ್ ಹಾಕಿ ಎಲ್ಲ ಕೇಳುತ್ತಾನೆ, ತನ್ನ ಮಾತನ್ನು ಟೈಪ್ ಮಾಡುತ್ತಾನೆ. ಅದನ್ನು ಜೋರಾಗಿ ಓದುವ ಕೆಲಸ ತಮ್ಮನದು. ಇದರಿಂದ ನಾವು ಎಣಿಸದೇ ಇದ್ದ ಒಂದು ಲಾಭವಾಯಿತು. ನಮ್ಮಲ್ಲಿ ಮನೆಯಲ್ಲಿ ಕೊಂಕಣಿ, ದಾರಿಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ. ತಮ್ಮ ಇಂಗ್ಲಿಷ್ ಮೀಡಿಯಂನವನು, ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ. ಅಣ್ಣ ಆ ಕಡೆಯಿಂದ ಮೊದಮೊದಲು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದ. ಒಬ್ಬ ಕನ್ನಡ ಕೀಬೋರ್ಡ್ ಹಾಕಿಕೊಂಡ, ಇನ್ನೊಬ್ಬ ವಾರವಾರವೂ ಓದಿದ. ಈಗ ಆ ಕಳ್ಳನ ಪಾತ್ರಕ್ಕೆ ತಮ್ಮ ಕೊಡುವ ರಾಗ ಕೇಳಬೇಕು! ಆಟದ ಮೂಲ ನಿಯಮಗಳ ಒಂದು ಭಾಗವನ್ನು ಪ್ರಕಾಶಕರು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತವಾಗಿ ಕೊಟ್ಟರು. ಅದರಿಂದ ಪಾತ್ರದ ಹಾಳೆಯನ್ನು ಬೆಂಗಳೂರಿನ ಅಕ್ಕ ಕನ್ನಡಕ್ಕೆ ತಂದಿದ್ದಾಳೆ. ಹಿಟ್ ಪಾಯಿಂಟ್ ನಮಗೆ ‘ಜೀವ’, ಸ್ಪೆಲ್ ‘ಮಂತ್ರ’.

‘ಮಂತ್ರ’ ಎಂದಾಗಲೇ ಒಬ್ಬರ ತಾಯಿ ಬಾಗಿಲಿಗೆ ಬಂದು, “ಎಂತ ಮಕ್ಕಳೇ, ಕತ್ತಲೆಯಲ್ಲಿ ಕೂತು ದೆವ್ವ ಕರೆಯುವುದಾ?” ಎಂದು ಕೇಳಿದ್ದು. ಈ ಸಂಶಯ ಅವರೊಬ್ಬರದ್ದೇ ಅಲ್ಲ. 1980ರ ದಶಕದಲ್ಲಿ ಅಮೆರಿಕದ ಕೆಲವು ಕ್ರೈಸ್ತ ವಲಯಗಳಲ್ಲಿ ಈ ಆಟ ಮಕ್ಕಳನ್ನು ಸೈತಾನನ ಕಡೆಗೆ ಎಳೆಯುತ್ತದೆ ಎಂದು ದೊಡ್ಡ ಗದ್ದಲವಾಗಿತ್ತು, ಕರಪತ್ರಗಳೂ ಬಂದಿದ್ದವು. ನಾವು ವಾದಿಸಲಿಲ್ಲ. ಕುರ್ಚಿ ಹಾಕಿ, “ಕೂತು ಕೇಳಿ ಆಂಟಿ” ಎಂದೆವು. ಮುಳುಗುತ್ತಿರುವ ದೋಣಿಯಿಂದ ಊರವರನ್ನು ಹೇಗೆ ಇಳಿಸುವುದೆಂದು ಐದು ಮಂದಿ ಮುಕ್ಕಾಲು ಗಂಟೆ ಚರ್ಚಿಸಿದ್ದನ್ನು ಕೇಳಿ, “ಮೊದಲು ಮಕ್ಕಳನ್ನು ಇಳಿಸಿ, ಆಮೇಲೆ ಮಾತಾಡಿ” ಎಂದು ಅವರೇ ಬುದ್ಧಿ ಹೇಳಿ ಎದ್ದು ಹೋದರು.

ಇನ್ನೊಂದು ಸಂಗತಿಯನ್ನು ಸಂಬಂಧಪಟ್ಟವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಕುವೈಟಿನಲ್ಲಿರುವ ನಮ್ಮ ಗೆಳತಿ ನರ್ಸ್. ಶನಿವಾರ ಡ್ಯೂಟಿ ಬಿದ್ದರೆ ಅವಳು ಬರುವುದಿಲ್ಲ. ಆ ವಾರ ನಡೆದ ಕಥೆಯನ್ನು ವಾಟ್ಸಾಪ್ ಗುಂಪಿನಲ್ಲಿ ಬರೆದಿಡುತ್ತೇವೆ. ಅವಳು ಬಿಡುವಾದಾಗ ತನ್ನ ಪಾತ್ರ ಏನು ಮಾಡುತ್ತದೆ ಎಂದು ಎರಡು ಸಾಲು ಹಾಕುತ್ತಾಳೆ. ಅವಳ ಪಾತ್ರ ವೈದ್ಯೆಯದು. ಒಂದು ಶನಿವಾರ ಕಥೆಯಲ್ಲಿ ಕೋಟೆಯ ಮುದಿ ಕಾವಲುಗಾರನಿಗೆ ಗಾಯವಾಯಿತು. ಅವಳು ದಾಳ ಹಾಕಿದಳು, 3 ಬಿತ್ತು. ಅವನು ಉಳಿಯುವುದಿಲ್ಲ ಎಂದರು ಭಾಗವತರು. ನಾವು ಮುಂದಿನ ಬಾಗಿಲ ಕಡೆ ಹೊರಟಿದ್ದೆವು. ಅವಳು, “ನೀವು ಹೋಗಿ, ನಾನು ಇಲ್ಲೇ ಕೂರುತ್ತೇನೆ” ಎಂದಳು. ಅವನ ಊರು ಕೇಳಿದಳು, ಮನೆಯಲ್ಲಿ ಯಾರಿದ್ದಾರೆ ಕೇಳಿದಳು. ನಿನ್ನ ಆಡುಗಳಿಗೆ ಸೊಪ್ಪು ನಾನು ಹಾಕುತ್ತೇನೆ ಎಂದಳು. ಐದು ನಿಮಿಷ ನಾವು ಯಾರೂ ಮಾತಾಡಲಿಲ್ಲ.

ಆಮೇಲೆ ಹೇಳಿದಳು. ಆ ವಾರ ಅವಳ ವಾರ್ಡಿನಲ್ಲಿ ಒಬ್ಬ ಮುದುಕರು ತೀರಿಕೊಂಡಿದ್ದರು. ಅವರ ಪೈಕಿಯವರು ಯಾರೂ ಆ ದೇಶದಲ್ಲಿ ಇರಲಿಲ್ಲ. ಮನೆಗೆ ಫೋನ್ ಮಾಡಿದಾಗ “ಊಟ ಆಯ್ತಾ?” “ಆಯ್ತಮ್ಮ” ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಅಮ್ಮ ಹೆದರಿಯಾರು ಎಂದು ಹೇಳಿರಲಿಲ್ಲ. ಅಂದು ಆಟ ಅಲ್ಲಿಗೇ ನಿಂತಿತು. ಕರೆ ಎರಡು ಸಲ ಕಡಿದು ಎರಡು ಸಲವೂ ಮತ್ತೆ ಸೇರಿದೆವು. ಮರುದಿನ ಅವಳೇ ಅಮ್ಮನಿಗೆ ಎಲ್ಲ ಹೇಳಿದಳಂತೆ.

ಎಲ್ಲ ಶನಿವಾರವೂ ಹೀಗಿರುವುದಿಲ್ಲ. ಹೆಚ್ಚಿನ ದಿನ ಬರೀ ನಗೆಯೇ. ಆದರೆ ಕ್ಷೇಮ ವಿಚಾರಿಸುವ ಕರೆಯಲ್ಲಿ ಬಾರದ ಮಾತು, ಇನ್ನೊಬ್ಬರ ವೇಷದಲ್ಲಿ ಕೂತಾಗ ಬರುವುದುಂಟು ಎಂದು ನಮಗೆ ಅಂದು ಗೊತ್ತಾಯಿತು.

ನಿಮ್ಮ ಗೆಳೆಯರೂ ಚದುರಿದ್ದರೆ ನೀವೂ ಆಡಿ ನೋಡಿ. ನಾಲ್ಕೈದು ಮಂದಿ ಸಾಕು. ಒಂದು ದಿನ, ಒಂದು ಹೊತ್ತು ಗಟ್ಟಿಮಾಡಿ. ನೆಟ್ ಕಡಿಮೆ ಇರುವವರ ಫೋನಿನಲ್ಲಿ ಮೊದಲು ಪರೀಕ್ಷಿಸಿ, ಆಮೇಲೆ ಆ್ಯಪ್ ಆರಿಸಿ. ಬರಲಾಗದವರಿಗಾಗಿ ಕಥೆಯನ್ನು ಬರೆದಿಡಿ.

ಮಾರ್ಚ್‌ನಲ್ಲಿ ತಮ್ಮನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇರುವುದರಿಂದ ಆ ತಿಂಗಳು ನಮ್ಮ ಆಟವಿಲ್ಲ. ಏಪ್ರಿಲ್‌ನಲ್ಲಿ ಹೊಸ ಕಥೆ ಶುರು, ಇಬ್ಬರಿಗೆ ಜಾಗ ಇದೆ. ಫೋನ್ ಮತ್ತು ಇಯರ್‌ಫೋನ್ ಇದ್ದರೆ ಆಯಿತು. ಸಂಶಯ ಇರುವ ಅಮ್ಮಂದಿರಿಗೆ ಕುರ್ಚಿ ಯಾವಾಗಲೂ ಉಂಟು.