ಅಣ್ಣನ ಕಾಗದ

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಎತ್ತು ಕೋಣಗಳೆರಡೂ ಒಬ್ಬನೇ ಮನುಷ್ಯನ ಎದೆಯೊಳಗೆ ಇರಬಲ್ಲವೆಂಬುದು ನನಗೆ ತಿಳಿದದ್ದು ಕಳೆದ ವರ್ಷ, ನಮ್ಮಣ್ಣನ ಕಾಗದ ಬಂದಾಗ. ಆ ಕಾಗದದ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ವಾಚಕರು ಇದನ್ನು ಪ್ರಬಂಧವೆಂದು ಓದಿದರೂ ಸರಿ, ತಪ್ಪೊಪ್ಪಿಗೆಯೆಂದು ಓದಿದರೂ ಸರಿ.

ನಮ್ಮದು ಹಾವೇರಿ ಜಿಲ್ಲೆಯಲ್ಲಿ ವರದಾ ನದಿಗೆ ಸಮೀಪದ ಒಂದು ಸಣ್ಣ ಹಳ್ಳಿ. ಗೋವಿನಜೋಳ, ಹತ್ತಿ ಬೆಳೆಯುವ ಮನೆತನ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಅಣ್ಣ ಮತ್ತು ನಾನು, ಇಬ್ಬರೇ. ಅಪ್ಪನಿಗೆ ಸಹಿ ಮಾಡಲು ಬರುತ್ತದೆ, ಓದಲು ಬಾರದು. ಅವ್ವನಿಗೆ ಅದೂ ಇಲ್ಲ. ಅಣ್ಣನಿಗೆ ಡಾಕ್ಟರನಾಗುವ ಹಂಬಲವಿತ್ತು. ನೀಟ್ ಪರೀಕ್ಷೆಯಲ್ಲಿ ಉತ್ತೀರ್ಣನಾದನಾದರೂ ಸರಕಾರಿ ಸೀಟು ಸಿಗುವಷ್ಟು ಅಂಕಗಳು ಬರಲಿಲ್ಲ. ಖಾಸಗಿ ಕಾಲೇಜಿನ ಶುಲ್ಕ ನಮ್ಮ ಎಣಿಕೆಗೇ ನಿಲುಕದ್ದು. ಕೊನೆಗೆ ಅಪ್ಪ ಇದ್ದ ನಾಲ್ಕು ಎಕರೆಯಲ್ಲಿ ಎರಡನ್ನು ಮಾರಿ, ಉಳಿದದ್ದಕ್ಕೆ ಬ್ಯಾಂಕಿನಲ್ಲಿ ಸಾಲ ತೆಗೆದು, 2019ರಲ್ಲಿ ಅವನನ್ನು ರಷ್ಯ ದೇಶದ ಸರಾತೋವ್ ನಗರಕ್ಕೆ ಕಳಿಸಿದರು.

ಅಣ್ಣನು ಫೋನಿನಲ್ಲಿ ಆ ಊರನ್ನು ಬಣ್ಣಿಸುವುದನ್ನು ಕೇಳುವುದೇ ನಮಗೆ ಹಬ್ಬವಾಗಿತ್ತು. ಅಲ್ಲಿಯ ವಿಶ್ವವಿದ್ಯಾಲಯವು 1909ರಲ್ಲಿ ಆರಂಭವಾದಾಗ ಅದರಲ್ಲಿ ಇದ್ದದ್ದು ವೈದ್ಯಕೀಯ ವಿಭಾಗವೊಂದೇ. ಊರಿನ ಪಕ್ಕದಲ್ಲಿ ವೋಲ್ಗಾ ನದಿ. ಅದರ ಮೇಲೆ ಆಚೆಯ ಎಂಗೆಲ್ಸ್ ಪಟ್ಟಣಕ್ಕೆ 1965ರಲ್ಲಿ ಕಟ್ಟಿದ ಸುಮಾರು 2.8 ಕಿಲೋಮೀಟರು ಉದ್ದದ ಸೇತುವೆ. ಚಳಿಗಾಲದಲ್ಲಿ ಹೊಳೆ ಹೆಪ್ಪುಗಟ್ಟಿದಾಗ ಜನರು ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವರೆಂದು ಕೇಳಿ ಅವ್ವ ನಂಬಲೇ ಇಲ್ಲ. ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ ಯೂರಿ ಗಗಾರಿನ್ 1961ರ ಏಪ್ರಿಲ್ 12ರಂದು ಮರಳಿ ಇಳಿದದ್ದು ಎಂಗೆಲ್ಸ್ ಬಳಿಯ ಒಂದು ಹೊಲದಲ್ಲಿ. ಅವನನ್ನು ಮೊದಲು ಕಂಡವರು ಆಲೂಗಡ್ಡೆ ನೆಡುತ್ತಿದ್ದ ಒಬ್ಬ ಹೆಂಗಸು ಮತ್ತು ಅವಳ ಮೊಮ್ಮಗಳು. ಇದನ್ನು ಕೇಳಿ ಅಪ್ಪ ನಕ್ಕು, "ಎಷ್ಟ ಮ್ಯಾಲ ಹೋದರೂ ಇಳಿಯೂದು ಹೊಲಕ್ಕನ ನೋಡಪಾ" ಎಂದಿದ್ದರು.

2022ರಲ್ಲಿ ಯುದ್ಧ ಆರಂಭವಾದ ಮೇಲೆ ಈ ನಗು ಉಳಿಯಲಿಲ್ಲ. ನಮ್ಮ ಜಿಲ್ಲೆಯದೇ ಆದ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ಆ ವರ್ಷದ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದರು. ಅಣ್ಣನಿದ್ದದ್ದು ಬೇರೆಯ ದೇಶ, ದೂರದ ಊರು ಎಂದು ಎಷ್ಟು ಹೇಳಿದರೂ ಅವ್ವನಿಗೆ ಸಮಾಧಾನವಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಎಂಗೆಲ್ಸ್‌ನ ವಿಮಾನನೆಲೆಯ ಮೇಲೆಯೇ ಡ್ರೋನ್ ದಾಳಿಯಾಯಿತು. ಆ ಸುದ್ದಿಯನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಸುದ್ದಿ ಮುಚ್ಚಿಡುವ ಅಭ್ಯಾಸ ನನಗೆ ಆಗಲೇ ಹತ್ತಿತೆಂದು ತೋರುತ್ತದೆ.

2025ರ ಜೂನಿನಲ್ಲಿ ಅಣ್ಣನ ಓದು ಮುಗಿಯಿತು. ಆಗ ಬಂದದ್ದೇ ಈ ಕಾಗದ. ಕಾಗದವೆಂದೆನಾದರೂ ಅದು ವಾಟ್ಸಾಪಿನಲ್ಲಿ ಬಂದ ಉದ್ದನೆಯ ಸಂದೇಶ. ಅಪ್ಪ ಅದನ್ನು ಇಂದಿಗೂ ಕಾಗದವೆಂದೇ ಕರೆಯುತ್ತಾರೆ. ಅಪ್ಪನ ಮುಖ ನೋಡುತ್ತ ಹೇಳಲು ಬಾಯಿ ಬಾರದೆಂದು ಅಣ್ಣನು ಬರೆದು ಕಳಿಸಿದ್ದನು.

ಅವನ ಮುಂದೆ ಎರಡು ದಾರಿಗಳಿದ್ದವು. ಒಂದು, ಅಲ್ಲಿಯೇ ಇದ್ದು ವಿಶೇಷ ತರಬೇತಿಗೆ ಸೇರುವುದು. ಅದನ್ನು ಅಲ್ಲಿ ಆರ್ಡಿನತೂರ ಎನ್ನುತ್ತಾರೆ. ಅವನು ಬಯಸಿದ ವಿಷಯಕ್ಕೆ ಎರಡು ವರ್ಷ. ಪಾಠವೆಲ್ಲ ರಷ್ಯನ್ ಭಾಷೆಯಲ್ಲಿ. ಆರು ವರ್ಷ ರೋಗಿಗಳೊಡನೆ ಮಾತಾಡಿ ಅದು ಅವನಿಗೆ ಒಗ್ಗಿತ್ತು. ಜತೆಗೇ ಏನಾದರೂ ಕೆಲಸ ಮಾಡಿ ಮನೆಗೆ ಅಷ್ಟಿಷ್ಟು ಹಣ ಕಳಿಸುವೆನೆಂಬ ಭರವಸೆಯೂ ಇತ್ತು. ಆದರೆ ತೊಡಕು ಬೇರೆಯೇ. ಅಮೆರಿಕ, ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಈ ಐದು ದೇಶಗಳ ಸ್ನಾತಕೋತ್ತರ ವೈದ್ಯ ಪದವಿಗೆ ನಮ್ಮಲ್ಲಿ ಮನ್ನಣೆಯುಂಟು. ರಷ್ಯದ ಹೆಸರು ಆ ಪಟ್ಟಿಯಲ್ಲಿಲ್ಲ. ಅಲ್ಲಿ ತಜ್ಞನಾದವನು ಇಲ್ಲಿಗೆ ಬಂದರೆ ಮೊದಲಿನ ಮೆಟ್ಟಿಲಿನಿಂದಲೇ ಹತ್ತಬೇಕು. ಆದ್ದರಿಂದ ಎರಡು ವರ್ಷ ಇರುವೆನೆಂದವರು ಅಲ್ಲಿಯೇ ಬೇರು ಬಿಡುವುದುಂಟು.

ಇನ್ನೊಂದು ದಾರಿ, ಊರಿಗೆ ಮರಳುವುದು. ಹೊರದೇಶದಲ್ಲಿ ಕಲಿತವರಿಗೆ ಇಲ್ಲಿ ಎಫ್.ಎಂ.ಜಿ.ಇ. ಎಂಬ ಪರೀಕ್ಷೆಯಿದೆ. ವರ್ಷಕ್ಕೆ ಎರಡು ಸರದಿ, 300 ಪ್ರಶ್ನೆಗಳು, 150 ಅಂಕ ಬಂದರೆ ಉತ್ತೀರ್ಣ. ಹೇಳಲು ಸುಲಭ, ಆದರೆ ನಾಲ್ವರಲ್ಲಿ ಒಬ್ಬರೂ ಉತ್ತೀರ್ಣರಾಗದ ಸರದಿಗಳು ಎಷ್ಟೋ ಆಗಿವೆ. ಅದು ಮುಗಿದ ಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಅಲ್ಲಿಯವರೆಗೆ ಅವನು ಡಾಕ್ಟರನೂ ಹೌದು, ಅಲ್ಲವೂ ಹೌದು.

ಇದನ್ನೆಲ್ಲ ಬರೆದು ಕೊನೆಯಲ್ಲಿ ಅಣ್ಣನು ಒಂದು ಸಾಲು ಸೇರಿಸಿದ್ದನು: "ನೀವು ಬಾ ಅಂದರೆ ಯಾವ ಯೋಚನೆಯೂ ಇಲ್ಲದೆ ಬರುತ್ತೇನೆ."

ಸಂಜೆ ಅಪ್ಪ ಹೊಲದಿಂದ ಬಂದು ಕಟ್ಟೆಯ ಮೇಲೆ ಕುಳಿತು, "ಏನ ಬರದಾನವಾ, ಓದಿ ಹೇಳ" ಎಂದರು. ನಾನು ಓದಿದೆನು. ಎಲ್ಲವನ್ನೂ ಓದಿ, ಆ ಕೊನೆಯ ಸಾಲನ್ನು ಮಾತ್ರ ಬಿಟ್ಟೆನು.

ಏಕೆ ಬಿಟ್ಟೆನೆಂಬುದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ನನಗೆ ಧಾರವಾಡದಲ್ಲಿ ಎಂ.ಎ. ಓದುವ ಆಸೆ. ಬ್ಯಾಂಕಿನ ಸಾಲದ ಕಂತು ಅಣ್ಣನ ಓದು ಮುಗಿದ ಒಂದು ವರ್ಷಕ್ಕೆ ಶುರುವಾಗುವುದಿತ್ತು. ಅಣ್ಣ ಬಂದು ಪರೀಕ್ಷೆಗೆ ಕುಳಿತರೆ ವರಮಾನವಿಲ್ಲ. ಮನೆಯಲ್ಲಿ ಮೊದಲು ನಿಲ್ಲುವುದು ನನ್ನ ಓದು. ಆಗಲೇ ಒಂದು ಸಂಬಂಧವೂ ಬಂದಿತ್ತು. ಅವನು ಅಲ್ಲಿಯೇ ಉಳಿದರೆ ನನ್ನ ದಾರಿ ತೆರೆಯುವುದೆಂದು ಲೆಕ್ಕ ಹಾಕಿದೆನು. ತಮಾಷೆಯೆಂದರೆ, ಅದಕ್ಕೆ ಕೆಲವೇ ತಿಂಗಳ ಹಿಂದೆ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ 'ಪ್ರತಿಭಾ ಪಲಾಯನ'ದ ವಿರುದ್ಧ ಮಾತಾಡಿ, ಪರದೇಶದಲ್ಲಿ ಕಲಿತ ವೈದ್ಯರು ಹಳ್ಳಿಗೆ ಮರಳಲೇಬೇಕೆಂದು ಮೇಜು ಕುಟ್ಟಿ ಬಹುಮಾನ ಪಡೆದವಳು ನಾನೇ.

ಕೇಳಿದ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಅಂದರ ಅಲ್ಲೇ ಇರೂ ಮನಸ ಮಾಡ್ಯಾನ. ಇರಲಿ ಬಿಡು, ಎಲ್ಲೆರೆ ಚಂದಾಗಿರಲಿ" ಎಂದರು. ಆ ರಾತ್ರಿ ಅವರು ಅರ್ಧ ರೊಟ್ಟಿಯಲ್ಲೇ ಕೈ ತೊಳೆದರು. ಮುಂದಿನ ಎಂಟು ದಿನಗಳಲ್ಲಿ ಅಣ್ಣನು ಎರಡು ಸಲ ಫೋನು ಮಾಡಿದನು. ತಂದೆ ಮಗ ಇಬ್ಬರೂ ಮಳೆಯ ಮಾತನ್ನೇ ಆಡಿದರು. ಅಪ್ಪ ಬಾ ಎನ್ನಲಿಲ್ಲವೆಂದು ಅವನು ಅಲ್ಲಿ ನೊಂದನು. ಮಗ ಬರುವ ಮಾತೆತ್ತಲಿಲ್ಲವೆಂದು ಇವರು ಇಲ್ಲಿ ನೊಂದರು. ನಡುವೆ ಇದ್ದದ್ದು ನಾನು ನುಂಗಿದ ಆ ಒಂದು ಸಾಲು.

ಒಂಬತ್ತನೆಯ ದಿನ ಅಪ್ಪ, "ಅವನಿಗೆ ಒಂದು ಕಾಗದ ಬರಿ. ನಮ್ಮ ಚಿಂತೀ ಮಾಡಬ್ಯಾಡ ಅಂತ ಬರಿ" ಎಂದಾಗ ನನ್ನ ಕೈ ಏಳಲಿಲ್ಲ. ಅಳುತ್ತಲೇ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆನು. ನನ್ನ ಲೆಕ್ಕಾಚಾರವನ್ನೂ ಹೇಳಿದೆನು. ಅಪ್ಪ ಬೈಯಲಿಲ್ಲ. "ಓದೂ ಆಸೆ ಇದ್ದರ ನನ್ನ ಮುಂದ ಹೇಳಬೇಕಿತ್ತವಾ. ಅವನ ಮಾತ ಮುಚ್ಚಿಡಬಾರದಿತ್ತ" ಎಂದಷ್ಟೇ ಹೇಳಿ, ಬರೆಯಲು ಕೂಡಿಸಿದರು. "ಬಾ ಅಂತ ಬರೀಬ್ಯಾಡ, ಬರಬ್ಯಾಡ ಅಂತನೂ ಬರೀಬ್ಯಾಡ. ಮನೀ ಲೆಕ್ಕ ಇದ್ದದ್ದ ಇದ್ದಂಗ ಬರಿ. ಓದಿದಾಂವ ಇದಾನ, ತಿಳಕೋತಾನ."

ಬರೆದೆನು. ಉಳಿದ ಎರಡು ಎಕರೆ, ಬ್ಯಾಂಕಿನ ಸಾಲ, ಅದರ ಬಡ್ಡಿ, ಒಂದು ಎಮ್ಮೆ, ಅವ್ವನ ಸಕ್ಕರೆ ರೋಗ, ಈಚೆಗೆ ರಾತ್ರಿ ಪಾದಗಳು ಉರಿಯುವುದು. ಕೊನೆಗೆ ಅಪ್ಪ ತಾವಾಗಿಯೇ ಹೇಳಿದರು: "ನಿನ್ನ ತಂಗಿಗೆ ಮುಂದ ಓದೂ ಆಸೆ ಐತಿ. ಅದನ್ನೂ ಲೆಕ್ಕದಾಗ ಹಿಡಿ." ಆ ವಾಕ್ಯವನ್ನು ನನ್ನ ಕೈಯಿಂದಲೇ ಬರೆಯುವಾಗ ನನಗಾದ ನಾಚಿಕೆಯನ್ನು ಮರೆಯಲಾರೆ.

ಮರುದಿನ ಅಣ್ಣನಿಂದ ಬಂದದ್ದು ಒಂದೇ ಪ್ರಶ್ನೆ: "ಅವ್ವನ ಪಾದ ಎಂದಿನಿಂದ ಉರಿಯುತ್ತಿವೆ?" ಅದಾಗಿ ಮೂರು ದಿನಕ್ಕೆ, "ಬರುತ್ತೇನೆ" ಎಂಬ ಒಂದು ಪದ. ಆಗಸ್ಟಿನಲ್ಲಿ ಬಂದನು. ಮನೆಗೆ ಬಂದವನು ಚೀಲ ಇಳಿಸಿ ಮೊದಲು ಅವ್ವನ ಕಾಲು ನೋಡಿದನು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆಂದು ಬರೆಯುವ ಆಸೆಯಿದೆ. ಆದರೆ ಮತ್ತೊಮ್ಮೆ ಸಾಲು ಬಿಡಲಾರೆ. ಡಿಸೆಂಬರ್ ಸರದಿಯ ಪರೀಕ್ಷೆಯಲ್ಲಿ ಅಣ್ಣನಿಗೆ 141 ಅಂಕಗಳು ಬಂದವು. ಒಂಬತ್ತು ಕಡಿಮೆ. ಜೂನ್ ಸರದಿಗೆ ಮತ್ತೆ ಓದುತ್ತಿದ್ದಾನೆ. ಪಟ್ಟಣದ ಕೋಚಿಂಗಿಗೆ ಹೋಗದೆ ಫೋನಿನಲ್ಲಿಯೇ ಪಾಠ ಕೇಳುತ್ತಾನೆ. ಆ ಹಣ ನನ್ನ ಎಂ.ಎ. ಶುಲ್ಕಕ್ಕೆಂದು ಎತ್ತಿಡಲಾಗಿದೆ. ನಾನು ಸಂಜೆ ಮಕ್ಕಳಿಗೆ ಪಾಠ ಹೇಳುತ್ತೇನೆ. ಬಂದ ಸಂಬಂಧಕ್ಕೆ ಅಪ್ಪ ಎರಡು ವರ್ಷದ ಮಾತು ಹೇಳಿ ಕಳಿಸಿದ್ದಾರೆ.

ಉಳಿಯಬೇಕಿತ್ತೋ ಬರಬೇಕಿತ್ತೋ ಎಂದು ಊರವರು ಅಣ್ಣನನ್ನು ಕೇಳುವುದುಂಟು. ಅವನು ಉತ್ತರ ಕೊಡುವುದಿಲ್ಲ. ಚರ್ಚಾಸ್ಪರ್ಧೆಯಲ್ಲಿ ಅಷ್ಟು ಮಾತಾಡಿದ ನನಗೂ ಈಗ ಉತ್ತರ ಹೊಳೆಯದು. ಒಂದು ಮಾತ್ರ ಕಲಿತೆನು. ಓದು ಬಾರದವರಿಗಾಗಿ ಓದುವವರ ಬಾಯಲ್ಲಿ ಒಂದು ಮನೆಯ ಭಾಗ್ಯವಿರುತ್ತದೆ. ಅವರು ಕಾಗದವನ್ನು ಪೂರ್ತಿ ಓದಬೇಕು.